ಆರು ಹುಟ್ಟಿನ ದೋಣಿ

ಕೆಬ್ರಾದಾ ಸೆರೇನಾ,
ಸಾಂಬೂ ನದಿ ದಡ
ಜುಲೈ 11, ಗುರುವಾರ

ಎಲೇ ಯಾರೆಲಿ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕುಳಿತುಕೋ. ಕಿವಿಯಲ್ಲಿ ಹಾಡಿನ ತಂತಿ ಸಿಕ್ಕಿಸಿಕೊಂಡಿದ್ದರೆ ಕಿತ್ತಿಡು. ಬಾಯಲ್ಲಿ ಏನಾದರೂ ಅಗಿಯುತ್ತಿದ್ದರೆ ಉಗುಳಿ ಬಾ. ಬೈಸಿಕೊಳ್ಳುವವರು ಖಾಲಿ ಬಾಯಲ್ಲಿ ಬೈಸಿಕೊಳ್ಳಬೇಕು.

ಹದಿನಾರು ತುಂಬಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ಅಪ್ಪನನ್ನು ಕೇಳಲಿಲ್ಲ, ಅವ್ವನನ್ನು ಕೇಳಲಿಲ್ಲ, ನಿನಗೆ ಅನ್ನ ಹಾಕುತ್ತಿರುವ ಸೋದರತ್ತೆಯನ್ನು ಕೇಳಲಿಲ್ಲ. ಪಟ್ಟಣದ ಯಾವನೋ ಹಚ್ಚೆ ಮಿಷನ್ನಿನವನ ಮುಂದೆ ಕೈ ಚಾಚಿ ಹಾಕಿಸಿಕೊಂಡು ಬಂದೆ. ಅದು ಸಾಲದು ಅಂತ ಹುಬ್ಬಿಗೆ ತೂತು ಹೊಡೆಸಿ ಉಂಗುರ ಬೇರೆ. ಗಾಳ ಸಿಕ್ಕಿಸಿಕೊಳ್ಳುವ ಮೀನು ಕೂಡ ಬಾಯಿಗೆ ಸಿಕ್ಕಿಸಿಕೊಳ್ಳುತ್ತದೆ, ಹುಬ್ಬಿಗಲ್ಲ. ಅದಕ್ಕಾದರೂ ಒಂದು ಹುಳು ತಿನ್ನುವ ಆಸೆ ಇರುತ್ತದೆ. ನಿನಗೆ ಏನಿತ್ತು?

ಫೋನಿನಲ್ಲೇ ಬೈಯಬಹುದಿತ್ತಲ್ಲ ಅನ್ನುತ್ತೀಯ. ನಿನಗೇ ಗೊತ್ತು, ಇಲ್ಲಿ ಫೋನು ಹಿಡಿಯುವುದು ಶಾಲೆಯ ಹಿಂದಿನ ದಿಬ್ಬದ ಮಾವಿನ ಮರದ ಬುಡದಲ್ಲಿ ಮಾತ್ರ. ಅಲ್ಲಿ ನಾನು ಒಂದು ಮಾತು ಕೂಗಿದರೆ ಆ ದಿನ ಊರಿಗೆಲ್ಲ ಊಟಕ್ಕೆ ನೆಂಚಿಕೊಳ್ಳಲು ಆಗುತ್ತದೆ. ಅದಕ್ಕೇ ಕಾಗದ. ಎರಡು ವರ್ಷ ಶಾಲೆಗೆ ಹೋದದ್ದು ಯಾವ ಕಾಲಕ್ಕೆ ಬೇಕಾಗುತ್ತದೋ ಅಂತ ನನ್ನ ಅವ್ವ ಅನ್ನುತ್ತಿದ್ದಳು. ಇಗೋ, ಈ ಕಾಲಕ್ಕೆ ಬೇಕಾಯಿತು. ಬಾಳೆಕಾಯಿ ದೋಣಿಯವನ ಕೈಯಲ್ಲಿ ಕಳಿಸುತ್ತೇನೆ. ಅಕ್ಷರ ದೊಡ್ಡದು ದೊಡ್ಡದಾಗಿ ಬರೆದಿದ್ದೇನೆ, ನಿನಗೆ ಓದಲು ಸುಲಭವಾಗಲಿ ಅಂತ. ನನ್ನ ಕಣ್ಣಿಗೇನೂ ಆಗಿಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿನ್ನ ಸೋದರತ್ತೆ ಬ್ರಿಸೇದಾ ಕಳಿಸಿದ ನಿನ್ನ ಕೈಯ ಫೋಟೋವನ್ನು ನಿನ್ನ ಅಪ್ಪ ಒಲ್ಮೆದೊ ಮಾವಿನ ಮರದಿಂದ ಮನೆಯವರೆಗೆ ಓಡಿಕೊಂಡು ತಂದ. ಶಾಲೆಯಲ್ಲಿ ತೋಳು ಮುಚ್ಚಿಕೊಂಡು ಬಾ ಅಂದಿದ್ದಾರಂತೆ, ಅದನ್ನೂ ಬ್ರಿಸೇದಾ ಹೇಳಿದಳಂತೆ. ಮನೆಯಲ್ಲಿ ಆಗ ನನ್ನ ನಾದಿನಿ ದೆಲ್ಫೀನಾ ಕೂತಿದ್ದಳು, ಇನ್ನೂ ಮೂವರು ಹೆಂಗಸರು ಬುಟ್ಟಿ ಹೆಣೆಯುತ್ತಿದ್ದರು. ನಾನು ಫೋನು ಕೈಗೆ ತೆಗೆದುಕೊಂಡೆ, ದೂರ ಹಿಡಿದೆ, ಹತ್ತಿರ ಹಿಡಿದೆ. ಕಪ್ಪಗೆ ಏನೋ ಇತ್ತು. “ಚೆನ್ನಾಗಿ ಹಾಳು ಮಾಡ್ಕೊಂಡಿದ್ದಾಳೆ” ಅಂದು ದೆಲ್ಫೀನಾಳ ಕೈಗೆ ದಾಟಿಸಿದೆ.

ಅವಳಿಗೋ ಹದ್ದಿನ ಕಣ್ಣು. “ಅಯ್ಯೋ ಅತ್ತಿಗೆ, ಇದು ನಿಮ್ಮನೆ ಚಿತ್ರಾನೇ ಕಣೆ!” ಅಂದಳು. ಆಮೇಲೆ ಬೆರಳಿಟ್ಟು ಎಣಿಸಿದಳು. “ಆದ್ರೆ ಐದೇ ಹುಟ್ಟು ಇದೆಯಲ್ಲ! ದೋಣಿ ಹಿಂದೆ ಕೂರೋಳೇ ಇಲ್ಲ. ಪಟ್ಟಣದಲ್ಲಿ ಇಳ್ದುಬಿಟ್ಲೋ ಏನೋ!”

ಹೆಂಗಸರು ನಕ್ಕರು. ನಿನ್ನ ಅಪ್ಪ ನಗಲಿಲ್ಲ.

ನಾನು ಕೈಮೇಲೆ ಬರೆಯುವ ನಮ್ಮ ಮನೆಯ ಚಿತ್ರವನ್ನು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಬೈಯುವಾಗ ಎಲ್ಲವನ್ನೂ ಮೊದಲಿಂದ ಹೇಳಬೇಕು. ಮೊಣಕೈಯಿಂದ ಮಣಿಕಟ್ಟಿನವರೆಗೆ ಮೇಲೊಂದು ಅಂಕುಡೊಂಕು ಗೆರೆ, ಕೆಳಗೊಂದು. ಅವು ನದಿಯ ಎರಡು ದಡ. ನಡುವೆ ನೆಟ್ಟಗೆ ಆರು ಗೆರೆ. ಅವು ಆರು ಹುಟ್ಟು. ನನ್ನ ಅವ್ವನ ಅವ್ವ ಒಂದೇ ದೋಣಿಯಲ್ಲಿ ಆರು ಜನ ಹುಟ್ಟು ಹಾಕಿಕೊಂಡು ಈ ನದಿಗೆ ಬಂದಳು. ಮಣಿಕಟ್ಟಿನ ಹತ್ತಿರದ್ದು ಆರನೆಯದು, ದೋಣಿಯ ಹಿಂದೆ ಕೂತು ದಿಕ್ಕು ಹಿಡಿಯುವವಳದು. ಅದು ಅವಳೇ. ಬೇರೆ ಐದು ಹುಟ್ಟು ಇಲ್ಲದಿದ್ದರೆ ದೋಣಿ ನಿಧಾನವಾಗಿ ಹೋಗುತ್ತದೆ. ಅದೊಂದು ಇಲ್ಲದಿದ್ದರೆ ನೀರು ಎಳೆದ ಕಡೆ ಹೋಗುತ್ತದೆ.

ಆವತ್ತೇ ಸಂಜೆ ನಿನ್ನ ಅಪ್ಪ ಮಾವಿನ ಮರದ ಕೆಳಗೆ ನಿನಗೆ ಫೋನು ಮಾಡಿದ. ಮಾತು ಎಲ್ಲರಿಗೂ ಕೇಳುವ ಹಾಗೆ ಇಟ್ಟಿದ್ದ, ನಾನೂ ಅಲ್ಲೇ ಇದ್ದೆ. ಯಾಕೆ ಹಾಕಿಸಿಕೊಂಡೆ ಅಂದದ್ದಕ್ಕೆ ನೀನು, “ಅಜ್ಜಿ ಬರ್ದಿದ್ದು ಅಳಿಸಿ ಹೋಗ್ತಿತ್ತಪ್ಪಾ, ಇರ್ಲಿ ಅಂತ” ಅಂದೆ. “ಹಾಗಾದ್ರೆ ಆರನೇ ಹುಟ್ಟೆಲ್ಲಿ?” ಅಂದ ಅವನು. ನೀನು ಮಾತಾಡಲಿಲ್ಲ. ಫೋನು ಕೆಟ್ಟಿತೇನೋ ಅಂದುಕೊಂಡೆವು. ಆಮೇಲೆ ಅಂದೆ: “ಹಚ್ಚೆ ಹಾಕೋನು ಮರ್ತುಬಿಟ್ಟ. ನಾನೂ ಎಣಿಸ್ಲಿಲ್ಲ.”

ನಿನ್ನ ಅಪ್ಪನಿಗೆ ಹಚ್ಚೆಯ ಸಿಟ್ಟಿಗಿಂತ ಈ ಮಾತಿನ ಸಿಟ್ಟು ಹೆಚ್ಚಾಯಿತು. “ಮನೆ ಗುರುತನ್ನೇ ಎಣಿಸ್ದೆ ಮೈಮೇಲೆ ಕೊರೆಸ್ಕೊಂಡಳಂತೆ! ಓದಿದ್ದು ಸಾಕು ಅವ್ವಾ. ಆಗಸ್ಟ್ ಮೊದಲ್ನೇ ದೋಣಿಗೆ ಹೋಗಿ ಕರ್ಕೊಂಡು ಬರ್ತೀನಿ” ಅಂದ. ನನ್ನ ಮುಖ ನೋಡಿದ. ನಾನು ಬೇಡ ಅಂದರೆ ಅವನು ಹೋಗುವವನಲ್ಲ, ಅದು ನಿನಗೂ ಗೊತ್ತು, ನನಗೂ ಗೊತ್ತು.

ನಾನು ಅಂದೆ: “ಕರ್ಕೊಂಡು ಬಾ. ಪಟ್ಟಣ ಅವಳನ್ನ ಪೂರ್ತಿ ನುಂಗೋಕೆ ಮುಂಚೆ ಕರ್ಕೊಂಡು ಬಾ.”

ಹೌದು, ನಾನೇ ಅಂದದ್ದು. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು.

ಆ ರಾತ್ರಿ ಮಲಗಿಕೊಂಡು ಆ ಮಿಷನ್ನಿನವನಿಗೆ ಶಾಪ ಹಾಕಿದೆ. ಅವನ ಸೂಜಿ ಮುರಿಯಲಿ, ಅವನ ಮಸಿ ಕೆಟ್ಟು ಹೋಗಲಿ, ಅವನ ದೋಣಿ ಮಗುಚಲಿ ಅಂದೆ. ಪಟ್ಟಣದವನಿಗೆ ದೋಣಿ ಎಲ್ಲಿಂದ ಬರಬೇಕು, ಆದರೂ ಅಂದೆ. ನಾನು ಬರೆಯುವುದು ಹಾಗ್ವಾ ಕಾಯಿಯ ರಸದಲ್ಲಿ. ಹನ್ನೆರಡು ದಿನ ಇರುತ್ತದೆ, ಹೋಗುತ್ತದೆ. ಹೋಗಲಿ ಅಂತಲೇ ಬರೆಯುವುದು. ಹೋದರೆ ತಾನೆ ಮತ್ತೆ ಬಂದು ನನ್ನ ಮುಂದೆ ಕೈ ಚಾಚುತ್ತೀರಿ. ಹೋಗದೆ ಕೂತ ಚಿತ್ರ ಎದ್ದು ಹೋಗದ ನೆಂಟನ ಹಾಗೆ. ಇದನ್ನು ಯಾವ ಶಾಲೆಯಲ್ಲೂ ನಿನಗೆ ಹೇಳಿಕೊಡಲಿಲ್ಲವೇ ಅಂತ ಅಂದುಕೊಂಡೆ.

ಹುಬ್ಬಿನ ವಿಷಯಕ್ಕೆ ನಾನು ಅಷ್ಟು ಸಿಟ್ಟಾಗಿಲ್ಲ, ಆದರೆ ಅದನ್ನು ನಿನ್ನ ಅವ್ವನಿಗೆ ಹೇಳಬೇಡ, ಅವಳು ಅಳುತ್ತಲೇ ಇದ್ದಾಳೆ. ನಿನ್ನ ಮುತ್ತಜ್ಜ ಎರಡು ಕಿವಿಗೂ ಬೆಳ್ಳಿ ಹಾಕಿಕೊಂಡು ತಿರುಗುತ್ತಿದ್ದ, ಯಾವ ಹುಡುಗಿಗೂ ಕಮ್ಮಿ ಇರಲಿಲ್ಲ. ಆಮೇಲೆ ಇನ್ನೊಂದು ನೆನಪಾಯಿತು. ನೀನು ಹುಟ್ಟಿ ಹನ್ನೊಂದನೆಯ ದಿನ ನಿನ್ನ ಕಿವಿ ಚುಚ್ಚಿದವಳು ನಾನು. ಕಿತ್ತಳೆ ಗಿಡದ ಮುಳ್ಳನ್ನು ಬೆಂಕಿಯಲ್ಲಿ ಕಾಯಿಸಿ, ನೂಲು ಪೋಣಿಸಿ ಗಂಟು ಹಾಕಿದೆ. ಒಂದು ಕಿವಿಗೆ ನೀನು ಎಚ್ಚರವಾಗಲೇ ಇಲ್ಲ, ಇನ್ನೊಂದಕ್ಕೆ ಊರು ಕಿತ್ತುಹೋಗುವ ಹಾಗೆ ಕಿರುಚಿದೆ. ಆಗ ನಿನ್ನನ್ನು ಯಾರೂ ಕೇಳಲಿಲ್ಲ. ಈಗ ನೀನು ಯಾರನ್ನೂ ಕೇಳಲಿಲ್ಲ. ದಿನಾ ಎರಡು ಹೊತ್ತು ಉಪ್ಪುನೀರಲ್ಲಿ ತೊಳೆ. ತಗಡಿನದಾದರೆ ಕೀವು ಕಟ್ಟುತ್ತದೆ, ಬೆಳ್ಳಿಯದು ಹಾಕು.

ಈಗ ನಾನು ಹೇಳಬೇಕಾದ್ದು ಬಂತು. ಇಲ್ಲಿಂದ ಮುಂದಕ್ಕೆ ಬ್ರಿಸೇದಾಗೆ ಓದಿ ಹೇಳಬೇಡ.

ಹೋದ ಶನಿವಾರ ಶಾಲೆಯ ಕುಣಿತಕ್ಕೆ ಅಂತ ಏಳು ಹುಡುಗಿಯರಿಗೆ ಕೈ ಬರೆದೆ. ಸೋಮವಾರ ದೆಲ್ಫೀನಾಳ ಮೊಮ್ಮಗಳು ಲೀಸೆತ್ ಸುಟ್ಟ ಬಾಳೆಕಾಯಿ ತಿನ್ನಲು ಬಂದಳು. ಎಂಟು ವರ್ಷದವಳು, ನಾಲಿಗೆ ಅವಳ ಅಜ್ಜಿಯದೇ. ನಾನು ಅವಳಿಗೆ ನಿನ್ನ ಕತೆಯನ್ನೇ ನೀತಿಪಾಠ ಮಾಡಿ ಹೇಳುತ್ತಿದ್ದೆ. ಎಣಿಸದೆ ಯಾವುದನ್ನೂ ಮೈಮೇಲೆ ಹಾಕಿಸಿಕೊಳ್ಳಬಾರದು, ಎಲ್ಲಿ, ನಿನ್ನ ಕೈಯಲ್ಲಿರುವುದನ್ನು ಎಣಿಸು ನೋಡೋಣ ಅಂದೆ.

“ಒಂದು, ಎರಡು, ಮೂರು, ನಾಕು, ಐದು.”

“ಸರಿಯಾಗಿ ಎಣಿಸೇ, ಕತ್ತೆ.”

“ಐದೇ ಅಜ್ಜಿ. ಕೊನೇದು ದಪ್ಪ ಇದೆ.”

“ಆರು ಇರ್ಬೇಕು.”

“ಎಲ್ರಿಗೂ ಐದೇ. ನಂಗೂ ಐದು, ನಮ್ಮಕ್ಕಂಗೂ ಐದು. ಹೋದ್ಸಲಾನೂ ಐದೇ ಇತ್ತು. ಅಮ್ಮ ಹೇಳಿದ್ಲು, ಅಜ್ಜಿಗೆ ಹೇಳ್ಬೇಡ, ನೊಂದ್ಕೋತಾರೆ, ಹೆಂಗೂ ಹನ್ನೆರಡು ದಿನಕ್ಕೆ ಹೋಗುತ್ತೆ ಅಂತ.”

ಹೇಳಿ ಮುಗಿಸಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಾಳೆಕಾಯಿ ಅಲ್ಲೇ ಬಿಟ್ಟು ಏಣಿ ಇಳಿದು ಓಡಿದಳು.

ಯಾರೆಲಿ, ಒಲೆಯ ಮೇಲಿದ್ದದ್ದು ನನಗೆ ಮರೆತೇ ಹೋಯಿತು. ಬಾಳೆಕಾಯಿ ಸೀದು ಹೋಯಿತು.

ಕೊನೆಯದು ದಪ್ಪ. ಆ ಒಂದು ಮಾತು ಸಾಕಾಯಿತು. ಬೇರೆ ಹೆಂಗಸರು ರಸಕ್ಕೆ ಇದ್ದಿಲು ಬೆರೆಸುತ್ತಾರೆ, ಎಳೆದ ಗೆರೆ ಎಳೆದಾಗಲೇ ಕಾಣಲಿ ಅಂತ. ನಾನು ಯಾವತ್ತೂ ಬೆರೆಸಿದವಳಲ್ಲ. ಇದ್ದಿಲು ಕಲಿಯುವವರಿಗೆ ಅಂತ ನನ್ನ ಅವ್ವ ಹೇಳುತ್ತಿದ್ದಳು, ಆ ಜಂಬವನ್ನು ಐವತ್ತು ವರ್ಷ ಹೊತ್ತುಕೊಂಡು ಬಂದೆ. ಬರಿ ರಸ ಹಚ್ಚುವಾಗ ನೀರಿನ ಹಾಗೆ ಇರುತ್ತದೆ, ಮಾರನೆಯ ಬೆಳಿಗ್ಗೆ ಕಪ್ಪಾಗುತ್ತದೆ. ಬರೆದವಳು ಏನು ಬರೆದಳು ಅನ್ನುವುದು ಬರೆದವಳಿಗೂ ಮಾರನೆಯ ದಿನವೇ ಗೊತ್ತಾಗುವುದು. ಆ ಹಸಿ ಗೆರೆಯ ಹೊಳಪು ನನಗೆ ಕಾಣದೆ, ಆರನೆಯದನ್ನು ಐದನೆಯದರ ಮೇಲೆಯೇ ಎಳೆಯುತ್ತಾ ಬಂದಿದ್ದೇನೆ. ಕೈ ಆರು ಸಲ ಆಡುತ್ತದೆ, ಬಾಯಿ ಆರು ಅನ್ನುತ್ತದೆ, ಚರ್ಮದ ಮೇಲೆ ಐದು. ಕಾಣದ ಕಡೆ ಕತ್ತಲೆ ಇರುತ್ತದೆ ಅಂತ ನೀವೆಲ್ಲ ಅಂದುಕೊಂಡಿರುತ್ತೀರಿ. ಹಾಗಲ್ಲ. ಅಲ್ಲಿ ಏನೂ ಇಲ್ಲ ಅಂತಲೇ ಅನ್ನಿಸುತ್ತದೆ.

ಕಣ್ಣಿಗೇನೂ ಆಗಿಲ್ಲ ಅಂತ ಮೇಲೆ ಒಂದು ಸುಳ್ಳು ಬರೆದಿದ್ದೇನೆ, ಅದನ್ನು ಹೊಡೆದು ಹಾಕಿ ಓದಿಕೋ. ಹೋದ ನವೆಂಬರಿನಲ್ಲಿ ಆಸ್ಪತ್ರೆ ದೋಣಿಯಲ್ಲಿ ಬಂದ ನರ್ಸಮ್ಮ ನನ್ನ ಕಣ್ಣಿಗೆ ದೀಪ ಬಿಟ್ಟು ನೋಡಿದಳು. “ಕಣ್ಣೊಳಗೆ ಒತ್ತಡ ಜಾಸ್ತಿ ಆಗಿದೆ ಅಜ್ಜಿ, ಅಂಚಿಂದ ಕಾಣೋದು ಕಮ್ಮಿಯಾಗ್ತಾ ಬರುತ್ತೆ. ಹೋಗಿರೋದು ವಾಪಸ್ ಬರೋದಿಲ್ಲ, ಇರೋದನ್ನ ಉಳಿಸ್ಕೋಬಹುದು. ಪಟ್ಟಣದ ದೊಡ್ಡಾಸ್ಪತ್ರೆಗೆ ಬನ್ನಿ” ಅಂದಳು. ಕಣ್ಣಿಗೆ ಬಿಡಲು ಒಂದು ಸೀಸೆ ಕೊಟ್ಟಳು. ಅದನ್ನು ಹಾಗ್ವಾ ಕಾಯಿಯ ಬುಟ್ಟಿಯ ತಳದಲ್ಲಿ ಇಟ್ಟೆ, ಯಾರೂ ಕೈ ಹಾಕದ ಜಾಗ ಅದೊಂದೇ. ಎರಡು ವಾರ ಬಿಟ್ಟುಕೊಂಡೆ. ಆಮೇಲೆ ನಿಲ್ಲಿಸಿದೆ. ಕಣ್ಣಿಲ್ಲದವಳ ಮುಂದೆ ಯಾರು ಮಗುವಿನ ಕೈ ಚಾಚುತ್ತಾರೆ, ಹೇಳು? ಕೈ ಬರೆಯುವುದು ನಿಂತರೆ ನಾನು ಈ ಊರಿನಲ್ಲಿ ಬಾಳೆಕಾಯಿ ತಿನ್ನುವ ಒಂದು ಬಾಯಿ, ಅಷ್ಟೆ.

ಊರಿನವರೆಲ್ಲ ಸೇರಿ ನನಗೆ ಮರ್ಯಾದೆ ಕೊಟ್ಟು ಸುಳ್ಳು ಹೇಳಿದರು. ನನ್ನ ತಪ್ಪುಗಳು ಹನ್ನೆರಡು ದಿನಕ್ಕೆ ತಾವೇ ಕ್ಷಮಿಸಿಕೊಂಡು ಹೋಗುತ್ತಿದ್ದವು. ಒಂದು ಮಾತ್ರ ಉಳಿಯಿತು. ಅದು ನಿನ್ನ ಕೈಮೇಲೆ.

ನಿನಗೆ ಬರೆದದ್ದು ಫೆಬ್ರವರಿಯಲ್ಲಿ, ರಜೆ ಮುಗಿಸಿ ನೀನು ಹೊರಡುವ ಹಿಂದಿನ ದಿನ. ನಸುಕಿನ ದೋಣಿಗೆ ಹೊರಟೆ. ಅದು ಕಪ್ಪಾದದ್ದು ನದಿಯ ಮೇಲೆ. ನಾನು ನೋಡಲೇ ಇಲ್ಲ. ನೀನು ನೋಡಿದೆ. ಆ ಮಿಷನ್ನಿನವನು ಯಾವುದನ್ನೂ ಮರೆತಿಲ್ಲ, ಪಾಪ, ಅಳಿಸುವ ಮೊದಲು ನೀನು ತೆಗೆದಿಟ್ಟುಕೊಂಡು ಅವನಿಗೆ ತೋರಿಸಿದ ಫೋಟೋದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹಾಕಿದ್ದಾನೆ. ನಿನ್ನೆ ನಿನ್ನ ಅಪ್ಪನ ಫೋನು ಇಸಿದುಕೊಂಡು, ಬಿಸಿಲಿಗೆ ಹೋಗಿ, ತಲೆ ಓರೆ ಮಾಡಿ, ಒಂದು ಕಣ್ಣಿಂದ ಇಷ್ಟಿಷ್ಟೇ ನೋಡಿದೆ. ನಿನ್ನ ಐದನೆಯದೂ ದಪ್ಪಗಿದೆ. ರಸ ಅದ್ದಿ ಬರೆಯುವ ನನ್ನ ಕಡ್ಡಿಯ ನಡುಕ ಕೂಡ ಹಾಗೇ ಇದೆ. ಅವನಿಗೆ ಹಾಕಿದ ಶಾಪವನ್ನು ವಾಪಸ್ ತೆಗೆದುಕೊಂಡೆ. ದೋಣಿಯದನ್ನೂ.

ಈಗ ಹೇಳು. ನಾಲ್ಕು ವರ್ಷದವಳಿದ್ದಾಗ ನನ್ನ ತೊಡೆಯ ಪಕ್ಕ ಕೂತು, ನಾನು ಒಂದೊಂದು ಗೆರೆ ಎಳೆದಾಗಲೂ ಗಟ್ಟಿಯಾಗಿ ಎಣಿಸುತ್ತಿದ್ದವಳು ಯಾರು? ನೂರರವರೆಗೆ ಎಣಿಸಲು ಬರುವ ಮೊದಲು ನಿನಗೆ ಆರರವರೆಗೆ ಎಣಿಸಲು ಬರುತ್ತಿತ್ತು. “ನಾನೂ ಎಣಿಸ್ಲಿಲ್ಲ” ಅಂದೆಯಲ್ಲ ಅಪ್ಪನಿಗೆ, ಆ ಮಾತಿಗೆ ಮೊದಲು ಸುಮ್ಮನಿದ್ದೆಯಲ್ಲ, ಆಗ ಏನು ಮಾಡುತ್ತಿದ್ದೆ ಅಂತ ಈಗ ನನಗೆ ಗೊತ್ತು. ಮಾವಿನ ಮರದ ಕೆಳಗೆ ಯಾರು ಯಾರು ನಿಂತಿರುತ್ತಾರೆ ಅಂತ ಲೆಕ್ಕ ಹಾಕುತ್ತಿದ್ದೆ. ಅಜ್ಜಿ ಬರೆದದ್ದೇ ಐದು ಅಂದಿದ್ದರೆ ನಿನ್ನ ಅಪ್ಪನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ನಿನ್ನ ಓದು ಉಳಿಯುತ್ತಿತ್ತು. ನೀನು ಹೇಳಲಿಲ್ಲ. ದಡ್ಡಿ ಅನ್ನಿಸಿಕೊಂಡೆ, ಮನೆ ಮರೆತವಳು ಅನ್ನಿಸಿಕೊಂಡೆ, ಅದರ ಮೇಲೆ ನಾನೂ “ಕರ್ಕೊಂಡು ಬಾ” ಅಂದದ್ದನ್ನು ಫೋನಿನಲ್ಲಿ ಕೇಳಿಸಿಕೊಂಡೆಯೋ ಏನೋ. ಕೇಳಿಸಿರದಿದ್ದರೆ ಸಾಕಿತ್ತು.

ನನಗೆ ಒಂದೇ ಒಂದು ಗೊತ್ತಾಗಬೇಕು. ಐದೇ ಇದೆ ಅಂತ ನಿನಗೆ ತಿಳಿದದ್ದು ಯಾವಾಗ? ಸೂಜಿಯ ಕೆಲಸ ಮುಗಿದ ಮೇಲೆಯೋ, ಸೂಜಿಯ ಮುಂದೆ ಕೂರುವ ಮೊದಲೋ? ಮುಗಿದ ಮೇಲೆ ಅಂದರೆ ನೀನು ನನ್ನ ತಪ್ಪನ್ನು ಸಾಯುವವರೆಗೂ ಹೊರುವ ಹಾಗಾಯಿತು. ಅದಕ್ಕೆ ನಾನು ಏನು ಮಾಡಿದರೂ ಸಾಲದು. ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಹಾಗೇ ಹಾಕು ಅಂದೆ ಅನ್ನುವುದಾದರೆ, ಯಾಕೆ? ಅದನ್ನು ಬರೆ. ಸುಳ್ಳು ಬರೆಯಬೇಡ. ಸುಳ್ಳನ್ನು ಈ ಮನೆಯಲ್ಲಿ ನಾನು ಸಾಕಷ್ಟು ಹೇಳಿ ಆಗಿದೆ.

ನಿನ್ನ ಅಪ್ಪನಿಗೆ ಇನ್ನೂ ಹೇಳಿಲ್ಲ. ಮೂರು ದಿನದಿಂದ ಬಾಯಿ ತೆರೆಯುತ್ತೇನೆ, ಉಪ್ಪು ಸಾಕಾ ಅಂತ ಕೇಳಿ ಮುಚ್ಚುತ್ತೇನೆ. ಹೇಳಿದರೆ ನಿನ್ನ ಓದು ಉಳಿಯುತ್ತದೆ, ನನ್ನ ಕಡ್ಡಿ ಹೋಗುತ್ತದೆ. ಇದರಲ್ಲಿ ಯೋಚಿಸುವುದೇನಿದೆ ಅನ್ನುತ್ತೀಯ. ನಿನಗೆ ಹದಿನಾರು, ಯೋಚಿಸುವುದೇನೂ ಇರುವುದಿಲ್ಲ. ನೋಡೋಣ.

ಒಂದು ಮಾತ್ರ ಹೇಳುತ್ತೇನೆ. ಮತ್ತೆ ಅವನ ಹತ್ತಿರ ಹೋಗಿ ಆರನೆಯ ಗೆರೆ ಹಾಕಿಸಿಕೊಳ್ಳಬೇಡ. ಡಿಸೆಂಬರಿನಲ್ಲಿ ರಜೆಗೆ ಬಾ. ರಸ ನಾನು ತೆಗೆದಿಡುತ್ತೇನೆ, ಇದ್ದಿಲೂ ಬೆರೆಸುತ್ತೇನೆ. ಎಷ್ಟು ಒತ್ತಬೇಕು, ಎಲ್ಲಿ ತಿರುಗಿಸಬೇಕು ಅಂತ ನಾನು ಹೇಳುತ್ತೇನೆ, ಕಡ್ಡಿ ನೀನು ಹಿಡಿ. ಮೊದಲು ನನ್ನ ಕೈಮೇಲೆ ಬರೆ. ಈ ಚರ್ಮ ಹಾಳಾದರೆ ಯಾರೂ ಕೇಳುವವರಿಲ್ಲ.

ಬಾಳೆಕಾಯಿ ದೋಣಿ ನಾಳೆ ಹೊರಡುತ್ತದೆ. ಉತ್ತರ ಆಗಸ್ಟ್ ಹುಟ್ಟುವ ಮೊದಲು ನನ್ನ ಕೈಯಲ್ಲಿ ಇರಬೇಕು.

ಬೈದು ಬೈದು ಸಾಕಾದ
ನಿನ್ನ ಅಜ್ಜಿ
ರುಫೀನಾ

ಮರೆತದ್ದು: ಇವತ್ತು ಭಾನುವಾರ. ನದಿಯಲ್ಲಿ ನೀರು ಕಮ್ಮಿ ಅಂತ ದೋಣಿ ಹೊರಟಿಲ್ಲ, ಕಾಗದ ಬುಟ್ಟಿಯ ಕೆಳಗೇ ಇತ್ತು. ನಿನ್ನೆ ಮಾವಿನ ಮರದ ಕೆಳಗೆ ಜನ ಸೇರಿದ್ದಾಗ ಹೋಗಿ ಒಲ್ಮೆದೊಗೆ ಎಲ್ಲರ ಮುಂದೆ ಹೇಳಿದೆ, ಮನೆಯಲ್ಲಿ ಹೇಳಿದರೆ ಮನೆಯಲ್ಲೇ ಉಳಿಯುತ್ತದೆ ಅಂತ. ಅವನು ನನ್ನ ಮುಖ ಹಿಡಿದು ಬಿಸಿಲಿಗೆ ತಿರುಗಿಸಿ ಎರಡೂ ಕಣ್ಣು ನೋಡಿದ. ಆಮೇಲೆ, “ಆಗಸ್ಟ್ ದೋಣಿಗೆ ಹೋಗೋದು ಹೋಗೋದೇ ಅವ್ವಾ. ಆದ್ರೆ ಅವಳನ್ನ ಕರ್ಕೊಂಡು ಬರೋಕಲ್ಲ, ನಿನ್ನ ಕರ್ಕೊಂಡು ಹೋಗೋಕೆ. ಆ ಕಣ್ಣಿನ ಆಸ್ಪತ್ರೆ ಎಲ್ಲಿದೆ ಅಂತ ಯಾರೆಲಿನ ಕೇಳಿಡು” ಅಂದ. ಕೇಳಿದ್ದೇನೆ ಅಂದುಕೋ. ಇವತ್ತು ಬೆಳಿಗ್ಗೆ ನನ್ನ ಎಡಗೈ ಕಪ್ಪಾಗಿ ಎದ್ದಿತು. ಮೊನ್ನೆಯವರೆಗೆ ತಪ್ಪಿ ಬರೆದದ್ದನ್ನು ನಿನ್ನೆ ಬೇಕೆಂದೇ ಬರೆದುಕೊಂಡೆ, ನಿನ್ನ ಕೈಯಲ್ಲಿರುವ ಹಾಗೆಯೇ. ದೆಲ್ಫೀನಾ ಬಂದು ಎಣಿಸಿ, “ಅತ್ತಿಗೆ, ಮತ್ತೆ ಐದೇ! ಹಿಂದೆ ಕೂರೋಳು ಮತ್ತೆ ಇಳಿದ್ಲು” ಅಂದಳು. “ಯಾರೂ ಇಳಿದಿಲ್ಲ ಕಣೇ, ಕೊನೇದರ ದಪ್ಪ ನೋಡು, ಅಲ್ಲಿ ಇಬ್ರು ಕೂತವ್ರೆ” ಅಂದೆ. ಅವಳು ಬೆರಳಿಟ್ಟು ಮತ್ತೆ ಮೊದಲಿಂದ ಎಣಿಸಿದಳು. ದೋಣಿ ಹತ್ತುವ ಮೊದಲು ನಿನ್ನ ಉತ್ತರ ಓದಿರಬೇಕು ನಾನು. ತಿಂಗಳು ಮುಗಿಯುವುದರೊಳಗೆ ಬರೆ. ದೊಡ್ಡ ಅಕ್ಷರದಲ್ಲಿ ಬರೆ.